ಲಿನಕ್ಸ್ ಗಣಕದಲ್ಲಿ ಡಿವಿಡಿ ಬರೆಯುವಾಗ

ಡಿವಿಡಿಯ ಕಾಲ ಮುಗಿಯಿತು ಎಂಬ ಮಾತನ್ನು ಈಚೆಗೆ ಎಲ್ಲೆಲ್ಲೂ ಕೇಳುತ್ತೇವೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ಆದರೆ ಉತ್ತರ ಬೆಂಗಳೂರಿನಲ್ಲಿ ವಾಸಿಸುವ ನಮಗೆ ಡಿಸ್ಕಿನ ಸಹವಾಸ ಇನ್ನೂ ತಪ್ಪಿಲ್ಲ. ಯಲಹಂಕದ ಮನೆಯ ಬೀರುವಿನಲ್ಲಿ ಮದುವೆಯ ಡಿವಿಡಿ ಇದೆ, ಊರಿನ ನೆಂಟರಿಗೆ ಅದರ ಇನ್ನೊಂದು ಪ್ರತಿ ಬೇಕು. ಹೆಬ್ಬಾಳದಲ್ಲಿ ಸ್ಕ್ಯಾನಿಂಗ್ ಮಾಡಿಸಿದರೆ ವರದಿಯ ಲಕೋಟೆಯೊಳಗೆ ಸಿಡಿ ಬರುವುದುಂಟು, ಅದನ್ನು ಇನ್ನೊಬ್ಬ ವೈದ್ಯರಿಗೆ ತಲುಪಿಸಬೇಕು. ಆರ್.ಟಿ. ನಗರದ ವಕೀಲರ ಕಚೇರಿಯಲ್ಲಿ ಅಂಗಡಿಯೊಂದರ ಸಿಸಿಟಿವಿ ದೃಶ್ಯವನ್ನು ಕೋರ್ಟಿಗೆ ಕೊಡಲು ಡಿಸ್ಕಿಗೆ ಹಾಕುತ್ತಾರೆ. ಯಶವಂತಪುರದ ಭಜನಾ ಮಂಡಳಿಯವರಿಗೆ ಹಳೆಯ ಹಾಡಿಕೆಯ ಧ್ವನಿಮುದ್ರಣವನ್ನು ಸದಸ್ಯರಿಗೆಲ್ಲ ಹಂಚುವ ಆಸೆ.

ಈ ಕೆಲಸಗಳಿಗೆ ಒದಗುವುದು ಮನೆಯ ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್. ಅದರಲ್ಲಿ ಡಿವಿಡಿ ರೈಟರ್ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ ಇಂಥ ಎಷ್ಟೋ ಯಂತ್ರಗಳಿಗೆ ಮಕ್ಕಳೋ ಮೊಮ್ಮಕ್ಕಳೋ ಲಿನಕ್ಸ್ ಹಾಕಿಕೊಟ್ಟಿದ್ದಾರೆ. ಯಂತ್ರ ಚೆನ್ನಾಗಿಯೇ ಓಡುತ್ತದೆ. ಆದರೆ ಡಿವಿಡಿ ರೈಟ್ ಮಾಡಲು ಹೊರಟರೆ ಅರ್ಧಕ್ಕೆ ನಿಂತು ಡಿಸ್ಕ್ ವೇಸ್ಟ್ ಆಗುತ್ತದೆ. ಇನ್ನೊಂದು ಹಾಕುತ್ತೇವೆ, ಅದೂ ಹೋಗುತ್ತದೆ. ಕೊನೆಗೆ ಲಿನಕ್ಸೇ ಸರಿಯಿಲ್ಲ ಎಂದೋ ಡ್ರೈವ್ ಹಾಳಾಗಿದೆ ಎಂದೋ ತೀರ್ಮಾನಿಸಿ ಕೈಚೆಲ್ಲುತ್ತೇವೆ. ಈ ಎರಡು ತೀರ್ಮಾನಗಳೂ ಬಹಳ ಸಲ ತಪ್ಪು. ತೊಂದರೆ ಯಾವ ಹಂತದ್ದು ಎಂಬುದನ್ನು ಯಂತ್ರ ತಾನೇ ಹೇಳಿರುತ್ತದೆ, ನಾವು ಓದದೆ ಆ ಸಂದೇಶದ ಕಿಟಕಿಯನ್ನು ಮುಚ್ಚಿರುತ್ತೇವೆ. ಇವತ್ತಿನ ಮಾತು ಅದನ್ನು ಓದುವ ಬಗೆಯ ಬಗ್ಗೆ.

ನಮ್ಮ ಭಾಗಕ್ಕೂ ಲಿನಕ್ಸಿಗೂ ಹಳೆಯ ನಂಟಿದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶ ಭಾರತದ ಮನೆಗಳಿಗೆ ಬಂದದ್ದು ಹೆಚ್ಚಾಗಿ ಡಿಸ್ಕಿನ ಮೇಲೇರಿಯೇ. ತೊಂಬತ್ತರ ದಶಕದಲ್ಲಿ ಇಂಟರ್‌ನೆಟ್ ದೂರವಾಣಿ ತಂತಿಯ ಮೇಲೆ ತೆವಳುತ್ತಿದ್ದಾಗ, ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಮುತುವರ್ಜಿಯಿಂದ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿಯನ್ನು ಓದುಗರಿಗೆ ಕೊಟ್ಟಿತು. 2001ರಲ್ಲಿ ಶುರುವಾಗಿ ಮುಂದೆ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡ ಲಿನಕ್ಸ್ ಬೆಂಗಳೂರು ಸಮ್ಮೇಳನ ಯಶವಂತಪುರಕ್ಕೆ ತಾಗಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಟಾಟಾ ಸಭಾಂಗಣದಲ್ಲಿ ಹಲವು ಸಲ ನಡೆಯಿತು. 2004ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು, ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಸಿಡಿ ಕಳಿಸುತ್ತಿತ್ತು. 2011ರಲ್ಲಿ ಆ ಸೇವೆ ನಿಂತಿತು. ಆಮೇಲೆ ಇಡೀ ಡಿಸ್ಕಿನ ಪಡಿಯಚ್ಚಾದ ಇಮೇಜ್ ಕಡತವನ್ನು ಇಳಿಸಿಕೊಂಡು ನಾವೇ ಡಿಸ್ಕಿಗೆ ಬರೆಯಬೇಕಾಯಿತು. ಅಂದರೆ ಲಿನಕ್ಸ್ ಕಲಿತ ಒಂದು ಇಡೀ ಪೀಳಿಗೆ ಮೊದಲು ಕಲಿತ ಕೆಲಸಗಳಲ್ಲಿ ಡಿಸ್ಕ್ ಬರೆಯುವುದೂ ಒಂದು.

ಇನ್ನು ವಿಷಯಕ್ಕೆ ಬರೋಣ. ಡಿವಿಡಿ 12 ಸೆಂಟಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ಬಿಲ್ಲೆ. ತಲಾ 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿ ಅದನ್ನು ಮಾಡುತ್ತಾರೆ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿನಲ್ಲಿ ಈ ಎರಡರ ನಡುವೆ ಬಣ್ಣದ ತೆಳು ಪದರವೊಂದಿರುತ್ತದೆ. 650 ನ್ಯಾನೊಮೀಟರ್ ತರಂಗದೂರದ ಕೆಂಪು ಲೇಸರ್ ಆ ಬಣ್ಣವನ್ನು ಸುಟ್ಟು ಗುರುತು ಮಾಡುತ್ತದೆ. ಓದುವಾಗ ಅದೇ ಲೇಸರ್ ಕಡಿಮೆ ಶಕ್ತಿಯಲ್ಲಿ ಆ ಗುರುತುಗಳನ್ನು ನೋಡುತ್ತದೆ. ಒಂದೊಂದು ಕಂಪನಿಯ ಬಣ್ಣ ಒಂದೊಂದು ಬಗೆ. ಹಾಗಾಗಿ ದೋಸೆ ಹುಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸಿ ಕಾವು ನೋಡುವಂತೆ, ಡ್ರೈವ್ ಪ್ರತಿ ಸಲವೂ ಡಿಸ್ಕಿನಲ್ಲಿ ಅದಕ್ಕೆಂದೇ ಮೀಸಲಾದ ಜಾಗದಲ್ಲಿ ಲೇಸರನ್ನು ಪರೀಕ್ಷಿಸಿ ಎಷ್ಟು ಶಕ್ತಿ ಬೇಕೆಂದು ಗೊತ್ತುಮಾಡಿಕೊಳ್ಳುತ್ತದೆ. ಇದನ್ನು ನೆನಪಿನಲ್ಲಿಡಿ. ಮುಂದೆ ಹೇಳುವ ಒಂದು ಮುಖ್ಯ ದೋಷ ಈ ಪರೀಕ್ಷೆಯ ಹೊತ್ತಿನಲ್ಲೇ ಹುಟ್ಟುವುದು.

ತೊಂದರೆ ಎಲ್ಲಿದೆ ಎಂದು ಹುಡುಕಲು ಕೇಳಬೇಕಾದ ಮೊದಲ ಪ್ರಶ್ನೆ: ಡ್ರೈವ್ ಇದೆಯೆಂದು ಲಿನಕ್ಸಿಗೆ ಗೊತ್ತಾಗಿದೆಯೆ? ಟರ್ಮಿನಲ್ ತೆರೆದು ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಇಂಗ್ಲಿಷ್ ಸಣ್ಣಕ್ಷರಗಳನ್ನು ಒತ್ತಿ ಎಂಟರ್ ಕೊಡಿ. ಹಾರ್ಡ್ ಡಿಸ್ಕಿನ ಹೆಸರುಗಳ ಜೊತೆಗೆ ಎಸ್‌ಆರ್ ಸೊನ್ನೆ ಎಂಬ ಹೆಸರು ಕಾಣಬೇಕು. ಅದೇ ನಿಮ್ಮ ಡಿವಿಡಿ ಡ್ರೈವ್. ಅದು ಕಾಣದಿದ್ದರೆ ಯಾವ ತಂತ್ರಾಂಶ ಬದಲಿಸಿಯೂ ಪ್ರಯೋಜನವಿಲ್ಲ. ಡಬ್ಬ ಬಿಚ್ಚಿ ಎರಡು ಕೇಬಲ್‌ಗಳನ್ನು ನೋಡಿ, ಒಂದು ವಿದ್ಯುತ್ತಿನದು, ಇನ್ನೊಂದು ಸಾಟಾ ಕೇಬಲ್. ಹಳೆಯ ಯಂತ್ರಗಳಲ್ಲಿ ಇವು ಸಡಿಲವಾಗಿರುವುದುಂಟು.

ಹೊರಗಿನಿಂದ ಯುಎಸ್‌ಬಿಗೆ ಸಿಕ್ಕಿಸುವ ತೆಳು ಡ್ರೈವ್ ನಿಮ್ಮದಾಗಿದ್ದರೆ ವಿದ್ಯುತ್ತಿನ ಲೆಕ್ಕ ಗಮನಿಸಿ. ಯುಎಸ್‌ಬಿ 2 ತೂತು ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಓದುವಾಗ ಮೊದಲನೆಯದು ಸಾಲಬಹುದು, ಬರೆಯುವಾಗ ಲೇಸರಿಗೆ ಹೆಚ್ಚು ಶಕ್ತಿ ಬೇಕು. ಡಿಸ್ಕ್ ಓದುತ್ತದೆ, ಬರೆಯಲು ಶುರುಮಾಡಿದ ಕೂಡಲೇ ಡ್ರೈವ್ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ ಎಂದಾದರೆ ಕಾರಣ ಬಹುಮಟ್ಟಿಗೆ ಇದೇ. ಯುಎಸ್‌ಬಿ ಹಬ್ ಬಿಟ್ಟು ಡೆಸ್ಕ್‌ಟಾಪಿನ ಹಿಂಬದಿಯ ತೂತಿಗೆ ನೇರವಾಗಿ ಸಿಕ್ಕಿಸಿ. ಎರಡು ಕವಲಿನ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಸಿಕ್ಕಿಸಿ. ಮಳೆಗಾಲದ ಸಂಜೆ ಕರೆಂಟ್ ಹೋಗಿಬರುವ ಬಡಾವಣೆಗಳಲ್ಲಿ ಯುಪಿಎಸ್ ಇಲ್ಲದೆ ರೈಟ್ ಮಾಡಬೇಡಿ. ಒಮ್ಮೆ ಬರೆಯುವ ಡಿಸ್ಕ್ ನಡುವೆ ನಿಂತರೆ ಅದನ್ನು ಮತ್ತೆ ಮೊದಲಿನಿಂದ ಬರೆಯಲಾಗದು.

ಎರಡನೆಯ ಪ್ರಶ್ನೆ: ಬರೆಯಲು ನಿಮಗೆ ಅನುಮತಿ ಇದೆಯೆ, ಡ್ರೈವ್ ಬಿಡುವಾಗಿದೆಯೆ? ಲಿನಕ್ಸಿನಲ್ಲಿ ಪ್ರತಿಯೊಂದು ಸಾಧನಕ್ಕೂ ಅದನ್ನು ಮುಟ್ಟಬಹುದಾದವರ ಗುಂಪಿರುತ್ತದೆ. ಉಬುಂಟು, ಡೆಬಿಯನ್, ಮಿಂಟ್‌ಗಳಲ್ಲಿ ಡಿವಿಡಿ ಡ್ರೈವಿನ ಗುಂಪಿನ ಹೆಸರು ಸಿಡಿರಾಮ್. ಮನೆಯಲ್ಲಿ ಎರಡನೆಯವರಿಗೆಂದು ಹೊಸ ಖಾತೆ ತೆರೆದಾಗ ಅವರು ಆ ಗುಂಪಿಗೆ ಸೇರದೆ ಉಳಿದಿರಬಹುದು. ಬಳಕೆದಾರರ ಪಟ್ಟಿಯಲ್ಲಿ ಅವರನ್ನು ಸೇರಿಸಿ, ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಬರಬೇಕು. ಇಲ್ಲದಿದ್ದರೆ ಬದಲಾವಣೆ ಹತ್ತುವುದಿಲ್ಲ.

ಹಾಗಾದರೆ ಎಲ್ಲ ಅಧಿಕಾರವುಳ್ಳ ರೂಟ್ ಬಳಕೆದಾರರಾಗಿಯೇ ಬರೆಯಿರಿ ಎಂಬ ಸಲಹೆ ಎಲ್ಲಿಂದ ಬಂತು? 2004ರ ಆಗಸ್ಟ್‌ನಲ್ಲಿ ಬಂದ 2.6.8 ಆವೃತ್ತಿಯ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಸಾಮಾನ್ಯ ಬಳಕೆದಾರರು ಡ್ರೈವಿಗೆ ಕಳಿಸಬಹುದಾದ ಆದೇಶಗಳ ಮೇಲೆ ಕಾವಲು ಹಾಕಿತು. ಅದರಿಂದ ಎಷ್ಟೋ ಜನರ ರೈಟಿಂಗ್ ನಿಂತುಹೋಯಿತು, ಆಗ ರೂಟ್ ಆಗುವುದು ದಾರಿಯಾಗಿತ್ತು. ಮುಂದಿನ ಆವೃತ್ತಿಗಳಲ್ಲಿ ಅದು ಸರಿಹೋಗಿದೆ. ಹಾಗೆಯೇ ಹಳೆಯ ಪುಸ್ತಕಗಳು ಹೇಳುವ ಐಡಿಇ-ಸ್ಕಸಿ ಎಂಬ ಹೊಂದಿಕೆಯೂ ಇವತ್ತು ಬೇಕಿಲ್ಲ. ಸ್ನ್ಯಾಪ್ ಎಂಬ ಕಟ್ಟಿನ ರೂಪದಲ್ಲಿ ಹಾಕಿಕೊಂಡ ತಂತ್ರಾಂಶಗಳಿಗೆ ಮಾತ್ರ ಆಪ್ಟಿಕಲ್ ಡ್ರೈವ್ ಬಳಸುವ ಅನುಮತಿಯನ್ನು ನಾವೇ ಬೇರೆಯಾಗಿ ಕೊಡಬೇಕಾಗಬಹುದು. ಅದನ್ನು ತಂತ್ರಾಂಶ ಕೇಂದ್ರದ ಅನುಮತಿಗಳ ಪುಟದಲ್ಲಿ ನೋಡಿ.

ಡ್ರೈವ್ ಬಿಡುವಿಲ್ಲ, ಡಿವೈಸ್ ಬ್ಯುಸಿ ಎಂಬ ಸಂದೇಶ ಬಂದರೆ ಹೆದರಬೇಡಿ. ಮತ್ತೆ ಮತ್ತೆ ಬರೆಯುವ ಡಿಸ್ಕನ್ನೋ ಈಗಾಗಲೇ ಸ್ವಲ್ಪ ಬರೆದ ಡಿಸ್ಕನ್ನೋ ಹಾಕಿದ ಕೂಡಲೇ ಇಂದಿನ ಲಿನಕ್ಸ್ ತಾನಾಗಿ ತೆರೆದು ತೋರಿಸುತ್ತದೆ. ತೆರೆದಿರುವ ಡಿಸ್ಕಿಗೆ ಬರೆಯುವ ತಂತ್ರಾಂಶ ಕೈಹಾಕದು. ಕಡತಗಳ ಕಿಟಕಿಯಲ್ಲಿ ಅದನ್ನು ಅನ್‌ಮೌಂಟ್ ಮಾಡಿ. ಎಜೆಕ್ಟ್ ಮಾಡಿದರೆ ತಟ್ಟೆ ಹೊರಬರುತ್ತದೆ, ಮತ್ತೆ ಹಾಕಿದಾಗ ಮತ್ತೆ ತೆರೆದುಕೊಳ್ಳುತ್ತದೆ. ಆದ್ದರಿಂದ ಅನ್‌ಮೌಂಟ್ ಆಯ್ಕೆಯೇ ಸರಿ.

ಮೂರನೆಯ ಪ್ರಶ್ನೆ, ಡ್ರೈವ್ ಏನು ಹೇಳುತ್ತಿದೆ ಎಂಬುದು, ಇವತ್ತಿನ ಮಾತಿನ ತಿರುಳು. ಬರೆಯುವುದು ಅರ್ಧಕ್ಕೆ ನಿಂತಾಗ ಡ್ರೈವ್ ಒಂದು ಸಂಕೇತ ಕಳಿಸುತ್ತದೆ. ಕೆ3ಬಿ, ಬ್ರಸೆರೊ ಮುಂತಾದ ಕಿಟಕಿಯ ತಂತ್ರಾಂಶಗಳಲ್ಲಿ ವಿವರ ಅಥವಾ ಡೀಬಗ್ ಎಂಬ ಗುಂಡಿ ಒತ್ತಿದರೆ ಅದು ಕಾಣುತ್ತದೆ. ಎಸ್‌ಕೆ ಎಂಬ ಎರಡು ಅಕ್ಷರ, ಅದರ ಮುಂದೆ ಒಂದು ಅಂಕಿ. ಎಸ್‌ಕೆ ಎಂದರೆ ಸೆನ್ಸ್ ಕೀ. ಇದು ಯಾವುದೋ ಒಂದು ಕಂಪನಿಯ ಗುಟ್ಟಲ್ಲ, ಎಲ್ಲ ಡ್ರೈವ್‌ಗಳೂ ಪಾಲಿಸುವ ಸ್ಕಸಿ ಎಂಬ ಅಂತರರಾಷ್ಟ್ರೀಯ ನಿಯಮದ ಭಾಗ. ನಾಲ್ಕು ಅಂಕಿಗಳನ್ನು ಬರೆದಿಟ್ಟುಕೊಳ್ಳಿ.

ಅಂಕಿ 2 ಬಂದರೆ, ಡ್ರೈವ್ ಇನ್ನೂ ಸಿದ್ಧವಾಗಿಲ್ಲ. ಡಿಸ್ಕ್ ಇಲ್ಲ, ಇಲ್ಲವೇ ತಟ್ಟೆ ಸರಿಯಾಗಿ ಮುಚ್ಚಿಲ್ಲ, ಇಲ್ಲವೇ ಡಿಸ್ಕಿನ ಬಗೆಯನ್ನು ಅದು ಇನ್ನೂ ಗುರುತಿಸುತ್ತಿದೆ. ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಿ.

ಅಂಕಿ 3 ಬಂದರೆ, ದೋಷ ಡಿಸ್ಕಿನ ಕಡೆಯದು. ಬಣ್ಣದ ಪದರ ಕಳಪೆ, ಅಥವಾ ಈ ಡಿಸ್ಕಿಗೂ ಈ ಡ್ರೈವಿನ ಲೇಸರಿಗೂ ಹೊಂದಿಕೆಯಿಲ್ಲ. ಪವರ್ ಕ್ಯಾಲಿಬ್ರೇಶನ್ ಏರಿಯಾ ಎರರ್ ಎಂಬ ಮಾತು ಜೊತೆಗೆ ಕಂಡರೆ, ನಾನು ಆಗಲೇ ಹೇಳಿದ ಶಕ್ತಿಪರೀಕ್ಷೆಯಲ್ಲೇ ಸೋತಿದೆ ಎಂದರ್ಥ. ಬೇರೆ ಕಂಪನಿಯ ಡಿಸ್ಕ್ ಹಾಕಿ ನೋಡಿ. ಎರಡು ಮೂರು ಕಂಪನಿಯವುಗಳಲ್ಲೂ ಇದೇ ಬಂದರೆ ಆಗ ಲೇಸರ್ ಬಳಲಿದೆ ಅಥವಾ ಮಸೂರದ ಮೇಲೆ ದೂಳು ಕೂತಿದೆ ಎನ್ನಬಹುದು. ಹೆಬ್ಬಾಳದ ಮೇಲ್ಸೇತುವೆಯ ಸುತ್ತ, ಬಳ್ಳಾರಿ ರಸ್ತೆಯ ಬದಿಯಲ್ಲಿ ಮನೆ ಇರುವವರಿಗೆ ದೂಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಅಂಕಿ 4 ಬಂದರೆ, ಯಂತ್ರಾಂಶದ ದೋಷ. ಡ್ರೈವ್, ಕೇಬಲ್, ವಿದ್ಯುತ್ತು, ಈ ಮೂರನ್ನು ನೋಡಿ.

ಅಂಕಿ 5 ಬಂದರೆ, ಸಾಮಾನ್ಯವಾಗಿ ಡ್ರೈವ್ ಚೆನ್ನಾಗಿದೆ, ಡಿಸ್ಕೂ ಚೆನ್ನಾಗಿದೆ, ನಾವು ಕೇಳಿದ್ದೇ ತಪ್ಪು. ತುಂಬಿದ ಅಥವಾ ಮುಚ್ಚಿಬಿಟ್ಟ ಡಿಸ್ಕಿಗೆ ಮತ್ತೆ ಬರೆಯಲು ಹೇಳಿದ್ದೇವೆ, ಅಥವಾ ಸಿಡಿ ಮಾತ್ರ ಬರೆಯುವ ಡ್ರೈವಿಗೆ ಡಿವಿಡಿ ಕೊಟ್ಟಿದ್ದೇವೆ.

ನೋಡಿ, ಈ ಒಂದು ಅಂಕಿಯಿಂದ ಅರ್ಧ ಊಹಾಪೋಹ ನಿಂತುಹೋಗುತ್ತದೆ. 5 ಬಂದಾಗ ಡಿಸ್ಕ್ ಕಳಪೆಯೆಂದು ಬೇರೆ ಕಂಪನಿಯದನ್ನು ತರಲು ಅಂಗಡಿಗೆ ಓಡುವುದು ವ್ಯರ್ಥ. 3 ಬಂದಾಗ ತಂತ್ರಾಂಶ ಬದಲಿಸುವುದು ವ್ಯರ್ಥ. ಇನ್ನೂ ಹೆಚ್ಚಿನ ವಿವರ ಬೇಕಾದರೆ ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರದ ಕಮಾಂಡ್ ಕೊಡಿ. ಕೆಲವು ವ್ಯವಸ್ಥೆಗಳಲ್ಲಿ ಅದಕ್ಕೆ ಮೊದಲು, ರೂಟ್ ಅಧಿಕಾರ ಕೊಡುವ ಸುಡೊ ಎಂಬ ಪದ ಸೇರಿಸಬೇಕು. ಕರ್ನಲ್ ಕಂಡದ್ದೆಲ್ಲ ಅಲ್ಲಿ ಸಾಲುಸಾಲಾಗಿ ಇರುತ್ತದೆ, ಕೊನೆಯ ಕೆಲವು ಸಾಲುಗಳಲ್ಲಿ ನಿಮ್ಮ ಉತ್ತರವಿರುತ್ತದೆ.

ಡಿಸ್ಕಿನ ವಿಚಾರವನ್ನು ಇನ್ನೂ ಸ್ವಲ್ಪ ಹೇಳಬೇಕು. ಒಂದು ಕಾಲಕ್ಕೆ ನಮ್ಮ ದೇಶದ ಮೋಸರ್ ಬೇಯರ್ ಕಂಪನಿ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದಾಗಿತ್ತು. ಕನ್ನಡ ಸಿನಿಮಾಗಳ ಅಗ್ಗದ ಡಿಸ್ಕುಗಳನ್ನೂ ಅದು ಮಾರಿತ್ತು. 2018ರಲ್ಲಿ ಅದು ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು. ಇವತ್ತು ಅಂಗಡಿಯಲ್ಲಿ ಸಿಗುವ ಖಾಲಿ ಡಿಸ್ಕು ಎಷ್ಟು ವರ್ಷದಿಂದ ಗೋದಾಮಿನಲ್ಲಿತ್ತೋ ಹೊದಿಕೆ ನೋಡಿ ಹೇಳುವುದು ಕಷ್ಟ. ಬಣ್ಣದ ಪದರ ಬಿಸಿಲಿಗೂ ತೇವಕ್ಕೂ ಕೆಡುತ್ತದೆ. ಹೊದಿಕೆಯ ಮೇಲೆ ಒಂದು ಹೆಸರಿದ್ದರೂ ಒಳಗಿನ ಡಿಸ್ಕನ್ನು ಬೇರೆ ಕಾರ್ಖಾನೆ ಮಾಡಿರಬಹುದು. ಡಿವಿಡಿ ಪ್ಲಸ್ ಆರ್‌ಡಬ್ಲ್ಯು ಟೂಲ್ಸ್ ಎಂಬ ಕಟ್ಟಿನಲ್ಲಿರುವ ಡಿವಿಡಿ ಪ್ಲಸ್ ಆರ್‌ಡಬ್ಲ್ಯು ಮೀಡಿಯಾ ಇನ್ಫೊ ಎಂಬ ಕಮಾಂಡ್ ಡಿಸ್ಕಿನ ನಿಜವಾದ ತಯಾರಕರ ಸಂಕೇತ, ಅದು ಯಾವ ಬಗೆಯದು, ಎಷ್ಟು ಜಾಗ ಉಳಿದಿದೆ, ಯಾವ ಯಾವ ವೇಗದಲ್ಲಿ ಬರೆಯಬಹುದು ಎಂಬುದನ್ನೆಲ್ಲ ಹೇಳುತ್ತದೆ. ಹತ್ತಾರು ಡಿಸ್ಕು ಬರೆಯಬೇಕಾದ ಸ್ಟುಡಿಯೊದವರು ಒಂದು ಡಿಸ್ಕ್ ತಂದು ಹೀಗೆ ನೋಡಿ, ಬರೆದು, ಓದಿ ಪರೀಕ್ಷಿಸಿ, ಆಮೇಲೆ ಇಡೀ ಡಬ್ಬ ಕೊಳ್ಳುವುದು ಲಾಭ.

ವೇಗ ತಗ್ಗಿಸುವುದರಿಂದಲೂ ಬಹಳ ಡಿಸ್ಕು ಉಳಿಯುತ್ತವೆ. ಡಿವಿಡಿಯಲ್ಲಿ ಒಂದು ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ. 16 ಎಕ್ಸ್ ಎಂದರೆ 22 ಎಂಬಿಯಷ್ಟು. ಹಳೆಯ ಹಾರ್ಡ್ ಡಿಸ್ಕೋ ನಿಧಾನದ ಪೆನ್‌ಡ್ರೈವೋ ಆ ವೇಗಕ್ಕೆ ಕಡತಗಳನ್ನು ಒದಗಿಸಲಾರದೆ ಹೋಗಬಹುದು. 4 ಎಕ್ಸ್‌ನಲ್ಲಿ ತುಂಬು ಡಿಸ್ಕಿಗೆ ಸುಮಾರು ಕಾಲು ಗಂಟೆ ಬೇಕು. ಉಳಿಯುವ ಕೆಲವೇ ನಿಮಿಷಕ್ಕಾಗಿ ಡಿಸ್ಕನ್ನು ಪಣಕ್ಕಿಡುವುದು ಬೇಡ. ನಿಮ್ಮ ಡ್ರೈವ್ ಒಪ್ಪುವ 4 ಅಥವಾ 8 ಎಕ್ಸ್ ಆರಿಸಿ. ಕಡತಗಳನ್ನು ಮೊದಲು ಒಳಗಿನ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಅಲ್ಲಿಂದ ಬರೆಯಿರಿ.

ಜಾಗದ ಲೆಕ್ಕ ತಪ್ಪುವುದು ಇನ್ನೊಂದು ಸಾಮಾನ್ಯ ಕಾರಣ. ಒಂದು ಪದರದ ಡಿವಿಡಿಯ ಮೇಲೆ 4.7 ಜಿಬಿ ಎಂದು ಬರೆದಿರುತ್ತದೆ. ಅದು ಸಾವಿರ ಸಾವಿರದ ಲೆಕ್ಕ. 1024ರ ಲೆಕ್ಕದಲ್ಲಿ ಹೇಳುವ ತಂತ್ರಾಂಶ ಅದೇ ಜಾಗವನ್ನು 4.38 ಎನ್ನುತ್ತದೆ. ಡಿವಿಡಿ ಪ್ಲಸ್ ಆರ್ ಡಿಸ್ಕಿನಲ್ಲಿ ನಿಖರವಾಗಿ 470 ಕೋಟಿ 3 ಲಕ್ಷ 72 ಸಾವಿರದ 992 ಬೈಟ್ ಹಿಡಿಯುತ್ತದೆ, ಡಿವಿಡಿ ಮೈನಸ್ ಆರ್‌ನಲ್ಲಿ ಸುಮಾರು 69 ಲಕ್ಷ ಬೈಟ್ ಹೆಚ್ಚು. ಅಂಚಿನವರೆಗೂ ತುಂಬಿಸಿದ ಇಮೇಜ್ ಒಂದು ಬಗೆಯ ಡಿಸ್ಕಿನಲ್ಲಿ ಹಿಡಿದು ಇನ್ನೊಂದರಲ್ಲಿ ಹಿಡಿಯದಿರುವುದಕ್ಕೆ ಇದೇ ಕಾರಣ.

ಮೂರು ಸೂಕ್ಷ್ಮಗಳು ಇಲ್ಲಿವೆ. ಮೊದಲನೆಯದು, 4 ಜಿಬಿಗಿಂತ ದೊಡ್ಡದಾದ ಒಂದೇ ವಿಡಿಯೊ ಕಡತ. ಡಿಸ್ಕಿನ ಐಎಸ್‌ಒ 9660 ವ್ಯವಸ್ಥೆಯ ಸಾಮಾನ್ಯ ಮಟ್ಟಗಳಲ್ಲಿ ಅದು ಹಿಡಿಯದು. ಮೂರನೆಯ ಮಟ್ಟ ಅಥವಾ ಯುಡಿಎಫ್ ಆರಿಸಬೇಕು. ಎರಡನೆಯದು, ತಾತ್ಕಾಲಿಕ ಜಾಗ. ಬರೆಯುವ ಮೊದಲು ಕೆಲವು ತಂತ್ರಾಂಶಗಳು ಇಡೀ ಡಿಸ್ಕಿನ ಇಮೇಜನ್ನು ಟೆಂಪ್ ಎಂಬ ಕೋಶದಲ್ಲಿ ಕಟ್ಟುತ್ತವೆ. ಫೆಡೋರಾದಲ್ಲಿ 2013ರ ಸುಮಾರಿನಿಂದ, ಡೆಬಿಯನ್‌ನಲ್ಲಿ 2025ರ 13ನೆಯ ಆವೃತ್ತಿಯಿಂದ ಆ ಕೋಶ ಇರುವುದು ರ್‍ಯಾಮ್‌ನಲ್ಲಿ. 4 ಜಿಬಿ ರ್‍ಯಾಮ್ ಇರುವ ಹಳೆಯ ಯಂತ್ರದಲ್ಲಿ ಡಿವಿಡಿಯ ಇಮೇಜ್ ಅಲ್ಲಿ ಹೇಗೆ ಹಿಡಿದೀತು? ಹಾರ್ಡ್ ಡಿಸ್ಕಿನಲ್ಲಿ ನೂರು ಜಿಬಿ ಖಾಲಿ ಇದ್ದರೂ ಜಾಗವಿಲ್ಲ ಎಂಬ ಸಂದೇಶ ಬರುತ್ತದೆ. ತಂತ್ರಾಂಶದ ಹೊಂದಿಕೆಗಳಲ್ಲಿ ತಾತ್ಕಾಲಿಕ ಕೋಶವನ್ನು ನಿಮ್ಮ ಮನೆಕೋಶಕ್ಕೆ ಬದಲಿಸಿದರೆ ಸಾಕು. ಮೂರನೆಯದು, ಲಿನಕ್ಸಿನ ಐಎಸ್‌ಒ ಕಡತವನ್ನು ಬರೆಯುವ ರೀತಿ. ಅದನ್ನು ಸಾಮಾನ್ಯ ಕಡತದಂತೆ ಡಿಸ್ಕಿಗೆ ಹಾಕಿದರೆ ಯಂತ್ರ ಅದರಿಂದ ಶುರುವಾಗದು. ರೈಟ್ ಇಮೇಜ್ ಅಥವಾ ಬರ್ನ್ ಇಮೇಜ್ ಆರಿಸಬೇಕು. ಬರೆದ ಮೇಲೆ ಡಿಸ್ಕ್ ತೆರೆದಾಗ ಒಂದೇ ಒಂದು ಐಎಸ್‌ಒ ಕಡತ ಕಂಡರೆ ತಪ್ಪಾಗಿದೆ, ಹಲವು ಕೋಶಗಳು ಕಂಡರೆ ಸರಿಯಾಗಿದೆ.

ಕಿಟಕಿಯ ಹಿಂದೆ ನಿಜವಾಗಿ ಬರೆಯುವ ತಂತ್ರಾಂಶ ಬೇರೆಯೇ ಇರುತ್ತದೆ. ಜರ್ಮನಿಯ ಯೋರ್ಗ್ ಶಿಲ್ಲಿಂಗ್ ಬರೆದ ಸಿಡಿ ರೆಕಾರ್ಡ್ ಮೊದಲು ಎಲ್ಲೆಡೆ ಇತ್ತು. ಪರವಾನಗಿಯ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂದು 2006ರಲ್ಲಿ ಡೆಬಿಯನ್ ಬಳಗ ಅದರಿಂದ ಕವಲೊಡೆದು ವೋಡಿಮ್ ಎಂಬುದನ್ನು ತಂದಿತು. 2010ರ ನಂತರ ಅದಕ್ಕೆ ಹೊಸ ಆವೃತ್ತಿ ಬರಲಿಲ್ಲ. ಸಿಡಿಗೆ ಅದು ಪರವಾಗಿಲ್ಲ, ಡಿವಿಡಿಗೆ ನೆಚ್ಚಬೇಡಿ. ಡಿವಿಡಿಗೆಂದೇ ಆಂಡಿ ಪೊಲ್ಯಾಕೊವ್ ಬರೆದ ಗ್ರೋ-ಐಸೊ-ಎಫ್‌ಎಸ್ ಇದೆ. ಥಾಮಸ್ ಶ್ಮಿಟ್ ಕಾಪಾಡಿಕೊಂಡು ಬಂದಿರುವ ಎಕ್ಸಾರಿಸೊ ಇದೆ. ಈ ಎರಡರಲ್ಲಿ ಒಂದನ್ನು ಹಾಕಿಕೊಂಡಿರಿ. ಕಿಟಕಿಯ ಒಂದು ತಂತ್ರಾಂಶ ಸೋತಾಗ ಅದೇ ಇಮೇಜನ್ನು ಇವುಗಳಲ್ಲಿ ಬರೆದು ನೋಡಿದರೆ, ತಪ್ಪು ಕಿಟಕಿಯದೋ ಡಿಸ್ಕಿನದೋ ಎಂಬುದು ಖಚಿತವಾಗುತ್ತದೆ.

ಈಗ ಕನ್ನಡದಲ್ಲಿ ಹೆಸರಿಡುವವರಿಗೆ ಎದುರಾಗುವ ಒಂದು ತೊಂದರೆ. ಅಜ್ಜಿ ಹಾಡಿದ ಸೋಬಾನೆ ಪದಗಳು ಎಂದು ಕನ್ನಡದಲ್ಲೇ ಕಡತಕ್ಕೆ ಹೆಸರಿಟ್ಟು ಡಿಸ್ಕಿಗೆ ಹಾಕುತ್ತೀರಿ. ತೆರೆದರೆ ಹೆಸರಿನ ಜಾಗದಲ್ಲಿ ಬರೀ ಅಡಿಗೆರೆಗಳು. 1988ರ ಐಎಸ್‌ಒ 9660 ನಿಯಮ ಮೂಲದಲ್ಲಿ ಒಪ್ಪುವುದು ಇಂಗ್ಲಿಷಿನ ದೊಡ್ಡ ಅಕ್ಷರ, ಅಂಕಿ, ಅಡಿಗೆರೆ ಇಷ್ಟನ್ನೇ. ಅದರ ಮೇಲೆ ಎರಡು ಸೇರ್ಪಡೆಗಳು ಬಂದವು. ಯುನಿಕ್ಸ್ ಬಳಗಕ್ಕೆ ರಾಕ್ ರಿಡ್ಜ್, ವಿಂಡೋಸ್ ಬಳಗಕ್ಕೆ ಜೋಲಿಯಟ್. ಎರಡನ್ನೂ ಆರಿಸಿದರೆ ಕನ್ನಡದ ಹೆಸರು ಲಿನಕ್ಸಿನಲ್ಲೂ ವಿಂಡೋಸಿನಲ್ಲೂ ಉಳಿಯುತ್ತದೆ. ಕಿಟಕಿಯ ತಂತ್ರಾಂಶದಲ್ಲಿ ಕಡತ ವ್ಯವಸ್ಥೆ ಎಂಬಲ್ಲಿ ಇವೆರಡಕ್ಕೂ ಗುರುತು ಹಾಕಿ.

ಹೆಸರಿನ ಉದ್ದಕ್ಕೂ ಮಿತಿ ಇದೆ. ಜೋಲಿಯಟ್ ಒಪ್ಪುವುದು 64 ಸಂಕೇತ. ನಾವು ಒಂದು ಅಕ್ಷರ ಎಂದುಕೊಳ್ಳುವುದು ಗಣಕಕ್ಕೆ ಹಲವು ಸಂಕೇತ. ಸ್ತ್ರೀ ಎಂಬ ಒಂದೇ ಅಕ್ಷರದಲ್ಲಿ ಸ, ವಿರಾಮ, ತ, ವಿರಾಮ, ರ, ದೀರ್ಘದ ಗುರುತು ಸೇರಿ 6 ಸಂಕೇತಗಳಿವೆ. ಸೋಬಾನೆ ಪದದ ಆ ಹೆಸರು ಕಣ್ಣಿಗೆ 12 ಅಕ್ಷರ, ಅಂತರಗಳೂ ಸೇರಿ ಗಣಕಕ್ಕೆ 24 ಸಂಕೇತ, ಯುಟಿಎಫ್-8 ಲೆಕ್ಕದಲ್ಲಿ 66 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ ಅಲ್ಲಿ 3 ಬೈಟ್ ಬೇಕು. ಹಾಡು, ಹಾಡಿದವರು, ಊರು, ತಾರೀಕು ಎಲ್ಲವನ್ನೂ ಒಂದೇ ಹೆಸರಿನಲ್ಲಿ ತುಂಬಿದರೆ ಬಾಲ ಕತ್ತರಿಸಿಹೋಗುತ್ತದೆ. ಹೆಸರು ಚಿಕ್ಕದಾಗಿರಲಿ, ವಿವರಗಳನ್ನು ಪಠ್ಯಕಡತವೊಂದರಲ್ಲಿ ಬರೆದು ಅದೇ ಡಿಸ್ಕಿಗೆ ಸೇರಿಸಿ. ಹೆಸರು ಓದಲು ಬಾರದ ಕಾರಣಕ್ಕೆ ಒಂದು ಹಾಡು ಕಳೆದುಹೋಗಬಾರದು.

ಟಿವಿಗೆ ಸೇರಿಸಿದ ಡಿವಿಡಿ ಪ್ಲೇಯರಿನಲ್ಲಿ ಓಡುವ ಡಿಸ್ಕ್ ಬೇಕಾದರೆ ವಿಡಿಯೊ ಕಡತವನ್ನು ಹಾಗೇ ಹಾಕಿದರೆ ಸಾಲದು. ನಮ್ಮ ದೇಶದ ಪಾಲ್ ಪದ್ಧತಿಯಂತೆ 720 ಮತ್ತು 576 ಚುಕ್ಕಿಗಳ, ಸೆಕೆಂಡಿಗೆ 25 ಚಿತ್ರಗಳ ಎಂಪೆಗ್-2 ರೂಪಕ್ಕೆ ಅದನ್ನು ತರಬೇಕು. ಡಿವಿಡಿ ಸ್ಟೈಲರ್ ಇದನ್ನೆಲ್ಲ ಮಾಡಿಕೊಡುತ್ತದೆ. ಕೊನೆಗೆ ಡಿಸ್ಕನ್ನು ಫೈನಲೈಸ್ ಮಾಡಿ ಮುಚ್ಚಿ. ಮುಚ್ಚದ ಡಿಸ್ಕನ್ನು ಗಣಕ ಓದಿದರೂ ಎಷ್ಟೋ ಪ್ಲೇಯರುಗಳು ಓದವು.

ನೂರು ಪ್ರತಿಶತ ಮುಗಿಯಿತು, ತಟ್ಟೆ ಹೊರಬಂತು. ಇಲ್ಲಿಗೆ ಕೆಲಸ ಮುಗಿದಿಲ್ಲ. ಬರೆದದ್ದನ್ನು ಓದಿ ಮೂಲದೊಂದಿಗೆ ಹೋಲಿಸುವವರೆಗೂ ಆ ಡಿಸ್ಕನ್ನು ನಂಬಬೇಡಿ. ಡಿಸ್ಕ್ ಹೊರತೆಗೆದು ಮತ್ತೆ ಹಾಕಿ. ಇಲ್ಲದಿದ್ದರೆ ಗಣಕ ತನ್ನ ನೆನಪಿನಲ್ಲಿರುವುದನ್ನೇ ಓದಿಬಿಡಬಹುದು. ಇಮೇಜಿನಿಂದ ಬರೆದಿದ್ದರೆ ಸಿ, ಎಂ, ಪಿ ಎಂಬ ಕಮಾಂಡಿಗೆ ಇಮೇಜಿನ ಹೆಸರನ್ನೂ ಡ್ರೈವಿನ ಹೆಸರನ್ನೂ ಕೊಡಿ. ಇಮೇಜ್ ಕಡತ ಮುಗಿಯಿತು ಎಂಬ ಅರ್ಥದ ಸಾಲು ಬಂದರೆ ಅಲ್ಲಿಯವರೆಗಿನ ಪ್ರತಿ ಬೈಟೂ ಹೊಂದಿದೆ. ವ್ಯತ್ಯಾಸ ಎಂದು ಬಂದರೆ ಆ ಡಿಸ್ಕನ್ನು ಯಾರಿಗೂ ಕೊಡಬೇಡಿ. ಬಿಡಿ ಕಡತಗಳಾದರೆ ಎಸ್‌ಎಚ್‌ಎ 256 ಎಂಬ, ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಲೆಕ್ಕವನ್ನು ಎರಡೂ ಕಡೆ ತೆಗೆದು ಹೋಲಿಸಿ. ಬ್ರಸೆರೊ, ಕೆ3ಬಿ ಎರಡರಲ್ಲೂ ಬರೆದ ಮೇಲೆ ಪರೀಕ್ಷಿಸುವ ಆಯ್ಕೆಯೇ ಇದೆ.

ವಕೀಲರಿಗೂ ಕಕ್ಷಿಗಾರರಿಗೂ ಇದು ಇನ್ನೂ ಮುಖ್ಯ. 2014ರಲ್ಲಿ ಅನ್ವರ್ ಮತ್ತು ಬಶೀರ್ ನಡುವಿನ ಚುನಾವಣಾ ತಕರಾರಿನಲ್ಲಿ ಸುಪ್ರೀಂ ಕೋರ್ಟ್, ಕಾನೂನು ಕೇಳುವ ಪ್ರಮಾಣಪತ್ರವಿಲ್ಲದೆ ಕೊಟ್ಟ ಸಿಡಿಗಳನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನು ಬರೆಯುವ ಜಾಗವೇ ಇದೆ, ಎಸ್‌ಎಚ್‌ಎ 256 ಅಲ್ಲಿ ಹೆಸರಿಸಿದ ವಿಧಾನಗಳಲ್ಲಿ ಒಂದು. ಉಚಿತವಾದ ಲಿನಕ್ಸಿನಲ್ಲಿ ಒಂದು ಸಾಲಿನ ಕಮಾಂಡ್ ಈ ಲೆಕ್ಕವನ್ನು ಕೊಡುತ್ತದೆ.

ಹಳೆಯ ಡಿಸ್ಕ್ ಓದದೆ ನಿಂತರೆ ಅದನ್ನು ಮತ್ತೆ ಮತ್ತೆ ಹಾಕಿ ತಿರುಗಿಸಬೇಡಿ. ಗ್ನೂ ಡಿಡಿ-ರೆಸ್ಕ್ಯೂ ಎಂಬ ತಂತ್ರಾಂಶ ಓದಲು ಬರುವ ಭಾಗಗಳನ್ನು ಮೊದಲು ಉಳಿಸಿಕೊಂಡು, ಕಷ್ಟದ ಭಾಗಗಳನ್ನು ಕೊನೆಗೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಬಂತು ಎಂಬುದನ್ನು ನಕ್ಷೆಯ ಕಡತದಲ್ಲಿ ಬರೆದಿಡುತ್ತದೆ. ಆ ನಕ್ಷೆಯ ಸಮೇತ ಇನ್ನೊಂದು ಡ್ರೈವಿಗೆ ಹೋದರೆ, ಮೊದಲಿನದು ಓದಲಾರದ ತುಣುಕನ್ನು ಎರಡನೆಯದು ಓದಬಹುದು. ನೆರೆಮನೆಯ ಹಳೆಯ ಡ್ರೈವೂ ಈ ಕೆಲಸಕ್ಕೆ ಆದೀತು.

ಹೊತ್ತು ಮೀರುವ ಮೊದಲು ಹಳೆಯ ಡಿಸ್ಕುಗಳನ್ನು ಉಳಿಸಿಕೊಳ್ಳುವ ಈ ಕೆಲಸ ಮುಗಿಸಬೇಕು. ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ ಕಂಪನಿ 2025ರಲ್ಲಿ ನಿಲ್ಲಿಸಿತು. ಡಿಸ್ಕೂ ಡ್ರೈವೂ ವರ್ಷ ವರ್ಷಕ್ಕೆ ಅಪರೂಪವಾಗುತ್ತಿವೆ. ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಬೀರುವಿನಲ್ಲಿರುವ ಡಿಸ್ಕುಗಳನ್ನು ಒಂದೊಂದಾಗಿ ಗಣಕಕ್ಕೆ ಇಳಿಸಿಕೊಳ್ಳಿ. ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ, ಇನ್ನೊಂದು ಹೊಸ ಡಿವಿಡಿಯಲ್ಲಿರಲಿ, ಮತ್ತೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ದೋಷ ಬಂದರೆ ಸಂದೇಶವನ್ನು ಮುಚ್ಚದೆ ಕಾಗದದ ಮೇಲೆ ಬರೆದುಕೊಳ್ಳಿ. ಎಸ್‌ಕೆಯ ಮುಂದಿನ ಅಂಕಿ ನೋಡಿ. ಗೊತ್ತಾಗದಿದ್ದರೆ ಆ ಕಾಗದವನ್ನೇ ತಿಳಿದವರಿಗೆ ತೋರಿಸಿ. ಆಗುತ್ತಿಲ್ಲ ಎಂದಷ್ಟೇ ಹೇಳಿದರೆ ಯಾರಿಗೂ ಸಹಾಯ ಮಾಡಲು ಬಾರದು, ಸಂದೇಶ ಕೈಯಲ್ಲಿದ್ದರೆ ಕಾಲೇಜು ಓದುವ ಹುಡುಗಿಯೂ ಐದು ನಿಮಿಷದಲ್ಲಿ ದಾರಿ ತೋರಿಸಬಲ್ಲಳು. ಈ ತಂತ್ರಾಂಶಗಳನ್ನು ಜಗತ್ತಿನ ಯಾವ ಯಾವುದೋ ಮೂಲೆಯ ಜನ ಎಲ್ಲರಿಗೂ ಉಪಯೋಗವಾಗಲೆಂದು ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಕಲಿತದ್ದನ್ನು ಪಕ್ಕದ ಮನೆಯವರಿಗೆ ಹೇಳಿಕೊಟ್ಟರೆ ಆ ಜನರ ಕೆಲಸದಲ್ಲಿ ನಮ್ಮದೂ ಒಂದು ಪಾಲು ಸೇರುತ್ತದೆ.